ಅಂಗೈಯೊಳಗಿನ ಮುಖಚಿತ್ರ

ಪ್ರಶ್ನೆ: ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕ ಮುಖಚಿತ್ರವೊಂದು ದೊರೆತಿದ್ದು, ಅದನ್ನು ದಂತದ ಮೇಲೆ ಬರೆದದ್ದೆಂದು ಹಿರಿಯರು ಹೇಳುತ್ತಾರೆ. ದಂತವನ್ನೇ ಬಳಸುತ್ತಿದ್ದುದೇಕೆ?
– ಓದುಗರೊಬ್ಬರು, ಕೋಲಾರ

ಉತ್ತರ: ಯುರೋಪಿನಲ್ಲಿ ಹಸ್ತಪ್ರತಿಗಳ ಅಲಂಕರಣದಿಂದ ಕವಲೊಡೆದ ಈ ಕಲೆ 1520ರ ದಶಕದಲ್ಲಿ ಸ್ವತಂತ್ರವಾಯಿತು. ಇದಕ್ಕಿರುವ ‘ಮಿನಿಯೇಚರ್’ ಎಂಬ ಹೆಸರು ಹುಟ್ಟಿದ್ದು ಚಿಕ್ಕ ಗಾತ್ರದಿಂದಲ್ಲ, ‘ಮಿನಿಯಮ್’ ಎಂಬ ಸೀಸದ ಕೆಂಪು ಬಣ್ಣದಿಂದ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಚಿತ್ರಕಾರ ನಿಕೋಲಸ್ ಹಿಲಿಯರ್ಡ್ ಇಸ್ಪೀಟು ಎಲೆಗೆ ಅಂಟಿಸಿದ ತೆಳು ತೊಗಲಿನ ಮೇಲೆ ಬರೆಯುತ್ತಿದ್ದನು. 1700ರ ಸುಮಾರಿಗೆ ದಂತವನ್ನು ಬಳಕೆಗೆ ತಂದವಳು ವೆನಿಸ್ಸಿನ ರೊಸಾಲ್ಬಾ ಕರಿಯೇರಾ. ತೆಳುವಾಗಿ ಸೀಳಿದ ದಂತದಲ್ಲಿ ಬೆಳಕು ತುಸು ಹಾಯುವುದರಿಂದ, ಜಲವರ್ಣವನ್ನು ತಿಳಿಯಾಗಿ ಹಚ್ಚಿದರೂ ಮೈಬಣ್ಣದ ಕಾಂತಿ ಒಳಗಿನಿಂದಲೇ ಹೊಮ್ಮಿದಂತೆ ತೋರುತ್ತದೆ. ಆದರೆ ಅದರ ನುಣುಪಿನ ಮೇಲೆ ಬಣ್ಣ ನಿಲ್ಲದ ಕಾರಣ, ಮೊದಲು ಉಜ್ಜಿ ಜಿಡ್ಡು ತೆಗೆದು, ಬಳಿಕ ಸಣ್ಣ ಚುಕ್ಕೆ ಗೆರೆಗಳಿಂದ ಮುಖವನ್ನು ತುಂಬಬೇಕಿತ್ತು. ಕಣ್ಣಿಗೂ ತಾಳ್ಮೆಗೂ ಅದು ಕಠಿಣ ಪರೀಕ್ಷೆಯೇ ಸರಿ.

ಇಂಗ್ಲೆಂಡಿನ ಜಾನ್ ಸ್ಮಾರ್ಟ್ 1785ರಿಂದ ಹತ್ತು ವರ್ಷ ಮದರಾಸಿನಲ್ಲಿದ್ದು ಇಂಥ ಚಿತ್ರಗಳನ್ನು ಬರೆದನು. ಆರ್ಕಾಟಿನ ನವಾಬರೂ ಅವನಿಂದ ಬರೆಸಿಕೊಂಡಿದ್ದರು. 1839ರಲ್ಲಿ ಛಾಯಾಚಿತ್ರ ಬಂದ ಮೇಲೆ ಈ ಕಸುಬು ಸೊರಗಿತು.

ನಿಮ್ಮ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಣ್ಣ ಕರಗುತ್ತದೆ. ಬಿಸಿಲಿಗೆ ಮಾಸುತ್ತದೆ, ತೇವಕ್ಕೆ ದಂತ ಬಾಗುತ್ತದೆ.