ರೇಡಿಯೋಹೆಡ್‌ನ ‘ಆಪ್ಟಿಮಿಸ್ಟಿಕ್’ ಸಿಂಗಲ್ಲೋ ಅಲ್ಲವೋ?

ಬ್ರಿಟನ್ನಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ‘ಕಿಡ್ ಎ’ ಆಲ್ಬಂನಿಂದ ಒಂದೂ ಸಿಂಗಲ್ (ಆಲ್ಬಂನ ಒಂದು ಹಾಡನ್ನು ಬಿಡಿಯಾಗಿ ಹೊರತರುವುದು) ಬರಲಿಲ್ಲ ಅಂತಾರೆ, ಹಾಗಾದರೆ ಹಳೇ ಸಿಡಿ ಮಾರುವವರ ಹತ್ತಿರ ಅದೇ ಆಲ್ಬಂನ ‘ಆಪ್ಟಿಮಿಸ್ಟಿಕ್’ ಸಿಂಗಲ್ ಹೇಗೆ ಬಂತು, ಅದು ನಕಲಿನಾ ಅಂತ ಕೇಳಿದ್ದೀರಿ.

ನಕಲಿಯೇ ಆಗಿರಬೇಕು ಅಂತೇನಿಲ್ಲ. ಎರಡೂ ಮಾತು ನಿಜ. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ಸಿಂಗಲ್ ಬರಲೇ ಇಲ್ಲ. ಬಂದದ್ದು ರೇಡಿಯೋ ಸ್ಟೇಷನ್‌ಗಳಿಗೆ ಕಂಪನಿಯವರು ಪುಕ್ಕಟೆಯಾಗಿ ಕಳಿಸಿದ ಸಿಡಿ. ಅದನ್ನೇ ಪ್ರಮೋಷನಲ್ ಸಿಂಗಲ್ ಅನ್ನುವುದು. ಇಂಥ ಸಿಡಿಗಳ ಮೇಲೆ ಸಾಮಾನ್ಯವಾಗಿ ‘ಮಾರಾಟಕ್ಕಲ್ಲ’ ಅಂತ ಅಚ್ಚಾಗಿರುತ್ತದೆ. ಆದರೂ ಕೈಯಿಂದ ಕೈಗೆ ದಾಟಿ ಕೊನೆಗೆ ಮಾರಾಟಕ್ಕೇ ಬರುತ್ತವೆ.

ಸಿಂಗಲ್ ಯಾಕೆ ಬೇಡ ಅಂದರು ಅನ್ನುವುದು ಇನ್ನೂ ಮುಖ್ಯ. 1997ರ ‘ಓಕೆ ಕಂಪ್ಯೂಟರ್’ ಆಲ್ಬಂ ಆದಮೇಲೆ ಊರೂರು ಸುತ್ತಿ, ಸಂದರ್ಶನ ಕೊಟ್ಟು ಕೊಟ್ಟು ಬ್ಯಾಂಡಿನ ಗಾಯಕ ಥಾಮ್ ಯಾರ್ಕ್ ಪೂರ್ತಿ ಬಳಲಿ ಹೋಗಿದ್ದರು. 2000ದ ಅಕ್ಟೋಬರ್‌ನಲ್ಲಿ ‘ಕಿಡ್ ಎ’ ಬಂದಾಗ ಸಿಂಗಲ್ ಇಲ್ಲ, ಮಾಮೂಲಿ ಮ್ಯೂಸಿಕ್ ವಿಡಿಯೋನೂ ಇಲ್ಲ. ಅದರ ಬದಲು ‘ಬ್ಲಿಪ್’ ಅಂತ ಕೆಲವೇ ಸೆಕೆಂಡಿನ ಪುಟ್ಟ ಅನಿಮೇಷನ್‌ಗಳನ್ನು ಇಂಟರ್‌ನೆಟ್‌ನಲ್ಲಿ ಹರಿಯಬಿಟ್ಟರು. ಅಭಿಮಾನಿಗಳು ತಮ್ಮ ಸ್ವಂತ ವೆಬ್‌ಸೈಟಿನಲ್ಲಿ ಹಾಕಿಕೊಂಡು ಇಡೀ ಆಲ್ಬಂ ಕೇಳಿಸಬಹುದಾದ ‘ಐಬ್ಲಿಪ್’ ಕೂಡ ಇತ್ತು. ಅಷ್ಟರೊಳಗೆ ಜನ ಇಂಟರ್‌ನೆಟ್‌ನಲ್ಲಿ ಹಾಡುಗಳನ್ನು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಸೋರಿಯೂ ಆಗಿದ್ದವು. ಇಷ್ಟಾದರೂ ಬ್ರಿಟನ್, ಅಮೆರಿಕ ಎರಡೂ ಕಡೆ ಆಲ್ಬಂ ನೇರ 1ನೇ ಸ್ಥಾನಕ್ಕೆ ಬಂತು.

ಆದರೆ ರೇಡಿಯೋದವರಿಗೆ ಹಾಕಲು ಏನಾದರೂ ಬೇಕಲ್ವಾ? ಹೆಚ್ಚಿನ ಹಾಡುಗಳಲ್ಲಿ ಗಿಟಾರ್ ಹಿಂದೆ ಸರಿದು ಕೀಬೋರ್ಡ್, ಕತ್ತರಿಸಿದ ದನಿಗಳು, ಎಲೆಕ್ಟ್ರಾನಿಕ್ ಬೀಟ್‌ಗಳೇ ಜಾಸ್ತಿ. ‘ಆಪ್ಟಿಮಿಸ್ಟಿಕ್’ನಲ್ಲಿ ಮಾತ್ರ ಗಿಟಾರ್ ಗುಂಯ್‌ಗುಡುತ್ತದೆ, ಡ್ರಮ್ಮರ್ ಫಿಲ್ ಸೆಲ್ವೇ ಟಾಮ್ ಡ್ರಮ್‌ಗಳನ್ನು ಗಟ್ಟಿಯಾಗಿ ಬಾರಿಸುತ್ತಾರೆ. ಹಳೇ ರೇಡಿಯೋಹೆಡ್‌ಗೆ ಅತಿ ಹತ್ತಿರದ ಹಾಡು ಇದೇ. ಅಮೆರಿಕದ ಬಿಲ್‌ಬೋರ್ಡ್ ಮಾಡರ್ನ್ ರಾಕ್ ಪಟ್ಟಿಯಲ್ಲಿ 10ನೇ ಸ್ಥಾನದವರೆಗೂ ಹೋಯಿತು. ಆ ಪಟ್ಟಿ ಮಾರಾಟ ನೋಡುತ್ತಿರಲಿಲ್ಲ, ರೇಡಿಯೋದಲ್ಲಿ ಎಷ್ಟು ಸಲ ಬಂತು ಅಂತ ಮಾತ್ರ ನೋಡುತ್ತಿತ್ತು. ಹಾಗಾಗಿ ಅಂಗಡಿಗೇ ಬಾರದ ಹಾಡಿಗೂ ಅಲ್ಲಿ ಜಾಗವಿತ್ತು.

ಹಾಡನ್ನು ಅಂಗಡಿಗೆ ತರದೆ ರೇಡಿಯೋಗೆ ಮಾತ್ರ ಕೊಟ್ಟದ್ದು ನನ್ನ ಮಟ್ಟಿಗೆ ಬಹಳ ಒಳ್ಳೆಯ ತೀರ್ಮಾನ. ಸುಮ್ನೆ ಇದೊಂದೇ ಹಾಡು ಕೇಳಿದರೆ ಅಚ್ಚುಕಟ್ಟಾದ ರಾಕ್ ಹಾಡು ಅನ್ನಿಸುತ್ತದೆ, ಅಷ್ಟೆ. ಆಲ್ಬಂನಲ್ಲಿ ಕೇಳಿ ನೋಡಿ. ಐದನೆಯ ‘ಟ್ರೀಫಿಂಗರ್ಸ್’ನಲ್ಲಿ ಹಾಡುಗಾರಿಕೆ ಇಲ್ಲ, ತಾಳವೂ ಇಲ್ಲ. ತೇಲುವ ನಾದ ಮಾತ್ರ. ಅದು ಮುಗಿದು ಆರನೆಯದಾಗಿ ಇದು ಶುರುವಾದಾಗ ಕಾಲಿಗೆ ನೆಲ ಸಿಕ್ಕಂತಾಗುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ನಡೆ ಬದಲಾಗಿ, ಜಾಝ್ ಥರ ಸಡಿಲವಾಗಿ, ನಿಲ್ಲದೆ ‘ಇನ್ ಲಿಂಬೋ’ದೊಳಗೆ ಹರಿಯುತ್ತದೆ. ಆ ಜೋಡಣೆ ನನಗೆ ಪ್ರಾಣ. ರೇಡಿಯೋಗೆ ಒಂದು ಹಾಡು ಕೊಟ್ಟು, ಕೊಳ್ಳುವವರ ಕೈಗೆ ಇಡೀ ಆಲ್ಬಂ ಇಟ್ಟರಲ್ಲ, ಅದಕ್ಕೇ ಎಷ್ಟೋ ಜನ ಈ ಹಾಡನ್ನು ಅದರ ಜಾಗದಲ್ಲೇ ಕೇಳುವಂತಾಯಿತು.

ನೀವು ಸಿಡಿ ಸೇರಿಸುವವರಾದರೆ ಇನ್ನೊಂದು ಮಾತು. 2001ರ ‘ಆಮ್ನೀಸಿಯಾಕ್’ ಆಲ್ಬಂ ಹೊತ್ತಿಗೆ ಬ್ಯಾಂಡ್ ಮತ್ತೆ ಸಿಂಗಲ್ ಮಾರಲು ಶುರು ಮಾಡಿತು. ‘ಪಿರಮಿಡ್ ಸಾಂಗ್’, ‘ನೈವ್ಸ್ ಔಟ್’ ಅಂಗಡಿಗೇ ಬಂದವು. ಅವುಗಳ ಜೊತೆ ‘ಆಪ್ಟಿಮಿಸ್ಟಿಕ್’ ಸಿಡಿಯನ್ನು ಒಂದೇ ಸಾಲಿಗೆ ಸೇರಿಸಬೇಡಿ.