ಬ್ಯುಸಿಯೋ, ಬಿಸಿಯೋ?

‘ಬ್ಯುಸಿ’ ಅನ್ನೋ ಇಂಗ್ಲಿಷ್ ಪದ ಎಲ್ಲಿಂದ ಬಂತು, ಬರೆಯುವಾಗ ಇರುವ ‘ಯು’ ಹೇಳುವಾಗ ಎಲ್ಲಿ ಹೋಗುತ್ತೆ, ‘ಬಿಸಿನೆಸ್’ಗೂ ಇದಕ್ಕೂ ನಂಟಿದೆಯಾ ಅಂತ ಕೇಳಿದ್ದೀರಿ.

ಮೊದಲು ನಮ್ಮಪ್ಪನ ವಿಷಯ ಹೇಳಿಬಿಡುತ್ತೇನೆ. ನಾವು ಕೋಲಾರದವರು. ಅಪ್ಪ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಜುಲೈ ಬಂತೆಂದರೆ 15 ಕೆಜಿಯ ಬಾಕ್ಸ್‌ಗಳು ಆಳೆತ್ತರ ಪೇರಿಸಿರುತ್ತಿದ್ದವು. ಹರಾಜಿನ ಕೂಗಾಟದಲ್ಲಿ ಫೋನ್ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಪ್ಪ ಇನ್ನೊಂದು ಕಿವಿ ಮುಚ್ಚಿಕೊಂಡು, ‘ಬಿಸಿ ಇದೀನಪ್ಪ, ಆಮೇಲ್ ಮಾಡ್ತೀನಿ’ ಎನ್ನುತ್ತಿದ್ದರು. ನಾನೋ ಇಂಗ್ಲಿಷ್ ಮೀಡಿಯಂ ಹುಡುಗ. ‘ಬಿಸಿ ಅಂದ್ರೆ ಮುದ್ದೆ. ಬ್ಯುಸಿ ಅನ್ನಪ್ಪಾ’ ಅಂತ ತಿದ್ದುತ್ತಿದ್ದೆ.

ತಪ್ಪು ನನ್ನದೇ. ಇಂಗ್ಲಿಷರು ಹೇಳುವುದು ‘ಬಿಝಿ’. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲೂ ಅದನ್ನು ಬರೆಯುತ್ತಿದ್ದದ್ದು ‘ಯು’ ಬದಲು ‘ಐ’ ಹಾಕಿ, ‘ಬಿಸಿಗ್’ ಅಂತಲೇ. ಆಮೇಲೆ ಆ ದೇಶದ ಪಶ್ಚಿಮದ ಕಡೆಯವರ ಬರವಣಿಗೆಯಿಂದ ‘ಯು’ ಬಂದು ಸೇರಿತು. ಉಚ್ಚಾರ ಮಾತ್ರ ಲಂಡನ್ ಕಡೆಯದೇ ಉಳಿಯಿತು. ಸ್ಪೆಲಿಂಗ್ ಒಂದೂರಿನದು, ನಾಲಿಗೆ ಇನ್ನೊಂದೂರಿನದು. ಹೂಳುವುದಕ್ಕೆ ಹೇಳುವ ‘ಬೆರಿ’ಯ ಕಥೆಯೂ ಹೆಚ್ಚುಕಡಿಮೆ ಇದೇ. ಅಲ್ಲೂ ‘ಯು’ ಬರೆದು ‘ಎ’ ಅಂತಾರೆ.

ಡಚ್ಚರ ‘ಬೇಜಿಕ್’ ಇದರ ಹತ್ತಿರದ ನೆಂಟ. ಇಂಗ್ಲಿಷಿನ ಎಷ್ಟೋ ಪದಗಳಿಗೆ ಲ್ಯಾಟಿನ್, ಸಂಸ್ಕೃತದಲ್ಲಿ ಬಳಗ ಸಿಗುತ್ತೆ. ಇದಕ್ಕೆ ಅಂಥ ದೊಡ್ಡ ಬಳಗ ಸಿಕ್ಕಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಹಳೆಯ ಅರ್ಥ. ಆಗ ಈ ಪದದಲ್ಲಿ ಕೆಲಸದ ಜೊತೆ ಕಳವಳವೂ ಇತ್ತು. ‘ಬಿಸಿನೆಸ್’ ಹುಟ್ಟಿದ್ದು ಇದರಿಂದಲೇ, ಮೊದಲಿಗೆ ಅದರ ಅರ್ಥ ಚಿಂತೆ, ತಳಮಳ! ವ್ಯಾಪಾರ ಅನ್ನೋ ಅರ್ಥ ಬಂದದ್ದು ಎಷ್ಟೋ ಕಾಲದ ಮೇಲೆ. ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಇನ್ನೊಂದು ರೇಟು ನೋಡುವ ಮಂಡಿಯವರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ ಬಿಡಿ. ಬಿಸಿನೆಸ್ ಹೀಗೆ ವ್ಯಾಪಾರಕ್ಕೆ ಹೋದ ಮೇಲೆ, ಬರೀ ಕೆಲಸದ ಒತ್ತಡ ಹೇಳೋಕೆ ಇಂಗ್ಲಿಷರು ‘ಬಿಝಿನೆಸ್’ ಅಂತ ಬೇರೆ ಸ್ಪೆಲಿಂಗಿನಲ್ಲಿ ಇನ್ನೊಂದು ಪದ ಕಟ್ಟಿಕೊಳ್ಳಬೇಕಾಯಿತು.

ಮೂಗು ತೂರಿಸುವವರನ್ನು ‘ಬಿಝಿಬಾಡಿ’ ಎನ್ನುವುದು 16ನೇ ಶತಮಾನದಿಂದಲೂ ಇದೆ. ಫೋನ್ ಲೈನ್ ಬ್ಯುಸಿ ಆಗಿದ್ದು ಅಮೆರಿಕದಲ್ಲಿ, 19ನೇ ಶತಮಾನದ ಕೊನೆಗೆ. ಬ್ರಿಟನ್ನಿನವರು ಅದಕ್ಕೆ ‘ಎಂಗೇಜ್ಡ್’ ಅಂತಾರೆ, ನಮ್ಮ ಲ್ಯಾಂಡ್‌ಲೈನ್ ಕಾಲದ ಹಾಗೆ. ಸೀರೆ ತುಂಬ ಹೂವು, ಬಳ್ಳಿ, ನವಿಲು ತುರುಕಿದ್ದರೆ ಆ ಡಿಸೈನೂ ‘ಬಿಝಿ’ಯೇ.

ಕನ್ನಡದಲ್ಲಿ ಏನನ್ನಬೇಕು ಅಂತಲೂ ಕೇಳಿದ್ದೀರಿ. ‘ಪುರುಸೊತ್ತಿಲ್ಲ’ ಅನ್ನಿ, ಚೆನ್ನಾಗಿದೆ. ಅದೂ ‘ಫುರ್ಸತ್’ ಆಗಿ ಪಾರ್ಸಿ ಕಡೆಯಿಂದ ಬಂದದ್ದೇ. ಅಚ್ಚ ಕನ್ನಡವೇ ಬೇಕು ಅಂದರೆ ‘ಬಿಡುವಿಲ್ಲ’. ಅಪ್ಪ ಮಾತ್ರ ಈಗಲೂ ‘ಬಿಸಿ’ ಅಂತಾರೆ. ನಾನು ತಿದ್ದೋದು ಬಿಟ್ಟಿದ್ದೇನೆ.