ಸ್ವಿಫ್ಟ್ ಕಾರಿನ ಹಿಂದಿನ ಚಕ್ರದ ಅಲೈನ್‌ಮೆಂಟ್ ಮನೆಯಲ್ಲೇ ದಾರ ಕಟ್ಟಿ ಸರಿ ಮಾಡ್ಕೋಬಹುದಾ?

ದಾರ ಕಟ್ಟಿ ನೋಡಬಹುದು, ಸರಿ ಮಾಡೋಕಾಗಲ್ಲ. ಸ್ವಿಫ್ಟ್‌ಗೆ ಹಿಂದೆ ಇರೋದು ಟಾರ್ಶನ್ ಬೀಮ್, ಅಂದ್ರೆ ಎಡಬಲ ಚಕ್ರ ಎರಡನ್ನೂ ಸೇರಿಸೋ ಒಂದೇ ಉಕ್ಕಿನ ತೊಲೆ. ಮುಂದೆ ಚಕ್ರದ ದಿಕ್ಕು ಹೊಂದಿಸೋ ಸರಳು, ಟೈ ರಾಡ್, ಇದ್ದ ಹಾಗೆ ಅಲ್ಲಿ ತಿರುಗಿಸೋಕೆ ಏನೂ ಇಲ್ಲ. ಆದರೆ "ಸ್ಟೀರಿಂಗ್ ನೇರ ಇದೆ, ಹಿಂದಿನ ಎಡ ಟೈರು ಮಾತ್ರ ಹೊರ ಅಂಚಲ್ಲಿ ಸವೀತಿದೆ" ಅಂತ ಬರೆದಿದ್ದೀರಲ್ಲ, ಅದನ್ನ ಓದಿ ನನ್ನ ಹಳೇ ಹೊಟ್ಟೆಯುರಿ ಮತ್ತೆ ಶುರುವಾಯ್ತು.

ಶಿರಾಡಿ ಘಾಟಿ ಇಳೀವಾಗ ಮಳೆಗೆ ಗಾಡಿ ಹಿಂಭಾಗ ಜಾರಿ ಎಡ ಹಿಂಚಕ್ರ ಮೋರಿಕಟ್ಟೆಗೆ ಬಡೀತು. ರಿಮ್ ಬೆಂಡ್ ತೆಗೆಸಿ ಸುಮ್ಮನಾದೆ. ಆಮೇಲೆ ಗಾಡಿ ಎಡಕ್ಕೆ ಎಳೆಯೋದು, ನೇರ ಹೋಗಬೇಕಂದ್ರೆ ಸ್ಟೀರಿಂಗ್ ಚೂರು ಬಲಕ್ಕೆ ಹಿಡ್ಕೋಬೇಕು. ಅಲೈನ್‌ಮೆಂಟ್ ಅಂಗಡಿ ಹುಡುಗ ಮುಂದಿನ ಎರಡು ಚಕ್ರಕ್ಕೆ ಮಾತ್ರ ಸೆನ್ಸರ್ ಹಾಕಿ, ಟೈ ರಾಡ್ ತಿರುಗಿಸಿ, ಸ್ಟೀರಿಂಗ್ ನೆಟ್ಟಗೆ ಮಾಡಿಕೊಟ್ಟ. ನಾನು ಅದನ್ನ ನಂಬಿದೆ.

ನಂಬಬಾರದಿತ್ತು. ಯಾಕೆ ಅಂದ್ರೆ ಬೀಮ್ ಸೊಟ್ಟಗಾಗಿ ಎಡ ಹಿಂಚಕ್ರದ ಮೂತಿ ಒಳಕ್ಕೆ ತಿರುಗಿತ್ತು. ಹಿಂದಿನ ಎರಡೂ ಚಕ್ರ ಸೇರಿ ಉರುಳೋ ದಿಕ್ಕು, ಅಂದ್ರೆ ಥ್ರಸ್ಟ್ ಲೈನ್, ಬಲಕ್ಕೆ ವಾಲಿತ್ತು. ಹಿಂಭಾಗ ಬಲಕ್ಕೆ ಸರಿದ್ರೆ ಬಾನೆಟ್ ಎಡಕ್ಕೆ ಹೊರಳುತ್ತೆ. ಹುಡುಗ ಮುಂದಿನ ಚಕ್ರಗಳನ್ನೂ ಅದೇ ಓರೆಗೆ ಹೊಂದಿಸಿಬಿಟ್ಟ. ಸ್ಟೀರಿಂಗ್ ನೇರ, ಗಾಡಿ ಮಾತ್ರ ಏಡಿ ಥರ ಓರೆ ಓಟ. ಸ್ಟೀರಿಂಗ್ ನೇರ ಇದೆ ಅಂದ್ರೆ ಯಾರೋ ಟೈ ರಾಡ್ ತಿರುಗಿಸಿದ್ದಾರೆ ಅಂತಷ್ಟೇ ಅರ್ಥ, ಹಿಂದೆ ಏನಾಗಿದೆ ಅಂತ ಅದು ಹೇಳಲ್ಲ! ನಾನು ಇನ್ನೂ ಮುಂದೆ ಹೋಗಿ ಸವೆದ ಟೈರನ್ನ ಮುಂದಕ್ಕೆ ಹಾಕಿಸಿ, ಚೆನ್ನಾಗಿದ್ದದ್ದನ್ನ ಹಿಂದಕ್ಕೆ ಕೊಟ್ಟೆ. ಆ ಸೊಟ್ಟ ಚಕ್ರ ಅದರ ಹೊರ ಅಂಚನ್ನೂ ತಿಂದು ಹಾಕ್ತು. ಗುಂಯ್ ಅನ್ನೋ ಸದ್ದು ಬಂದಾಗ ವೀಲ್ ಬೇರಿಂಗ್ ಬದಲಾಯಿಸಿದೆ. ಸದ್ದು ಟೈರಿಂದು.

ನೀವು ದಾರ ಕಟ್ಟೋದಾದ್ರೆ ಸಮತಟ್ಟಾದ ಜಾಗ ಬೇಕು, ಟೈರಲ್ಲಿ ಗಾಳಿ ಸರಿಯಿರಬೇಕು. ಗಾಡೀನ ಒಂದಿಷ್ಟು ಹಿಂದೆ ಮುಂದೆ ತಳ್ಳಿ ನಿಲ್ಲಿಸಿ. ಎರಡೂ ಬದಿ ಹಬ್, ಅಂದ್ರೆ ಚಕ್ರದ ನಡುಗುಂಬದ ಎತ್ತರಕ್ಕೆ ದಾರ ಎಳೆದು, ಮುಂದಿನ ಹಬ್‌ಗಳಿಂದ ಎಡಬಲ ಒಂದೇ ದೂರ, ಹಿಂದಿನವಕ್ಕೂ ಎಡಬಲ ಒಂದೇ ದೂರ, ದಾರಗಳ ನಡುವಿನ ಅಂತರವೂ ಉದ್ದಕ್ಕೂ ಒಂದೇ ಇರೋ ಹಾಗೆ ಕಟ್ಟಿ. ಮುಂದಿನ ದೂರ, ಹಿಂದಿನ ದೂರ ಒಂದೇ ಆಗಬೇಕಿಲ್ಲ. ಆಮೇಲೆ ಹಿಂದಿನ ರಿಮ್‌ನ ಮುಂದಂಚು, ಹಿಂದಂಚು ದಾರದಿಂದ ಎಷ್ಟೆಷ್ಟು ದೂರ ಅಂತ ಅಳೀರಿ. 14 ಇಂಚಿನ ರಿಮ್‌ನಲ್ಲಿ 6 ಮಿ.ಮೀ. ವ್ಯತ್ಯಾಸ ಅಂದ್ರೆ ಹತ್ತಿರ ಹತ್ತಿರ 1 ಡಿಗ್ರಿ. ಗಾಡಿ ಉರುಳಿಸಿ, ಚಕ್ರ ಅರ್ಧ ಸುತ್ತು ತಿರುಗಿದ ಮೇಲೆ ಇನ್ನೊಮ್ಮೆ ಅಳೀರಿ, ಇಲ್ಲಾಂದ್ರೆ ರಿಮ್ಮಿನ ಬೆಂಡನ್ನೇ ಟೋ, ಅಂದ್ರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋದು, ಅಂದ್ಕೊಳ್ತೀರಿ.

ಎಡಬಲ ಬೇರೆ ಬೇರೆ ಬಂದ್ರೆ ನಾಲ್ಕೂ ಚಕ್ರಕ್ಕೆ ಸೆನ್ಸರ್ ಹಾಕೋ ಅಂಗಡಿಗೆ ಹೋಗಿ, ಹಿಂದಿನ ಟೋ ಮತ್ತು ಥ್ರಸ್ಟ್ ಆಂಗಲ್ (ಥ್ರಸ್ಟ್ ಲೈನ್ ಎಷ್ಟು ವಾಲಿದೆ ಅನ್ನೋ ಕೋನ) ಇರೋ ಪ್ರಿಂಟ್ ಕೇಳಿ. ಅಲ್ಪಸ್ವಲ್ಪ ಇದ್ರೆ ಚಕ್ರ ಕೂರೋ ಗಿಡ್ಡ ಅಚ್ಚಿಗೂ (ಸ್ಟಬ್ ಆಕ್ಸಲ್) ಬೀಮ್‌ಗೂ ಮಧ್ಯೆ ಶಿಮ್, ಅಂದ್ರೆ ತೆಳು ಓರೆ ತಗಡು, ಕೂರಿಸ್ತಾರೆ. ಜಾಸ್ತಿ ಇದ್ರೆ ಬೀಮ್ ಬದಲಾಯಿಸೋದೇ. "ಕಾಯಿಸಿ ಬಗ್ಗಿಸ್ತೀನಿ ಸಾರ್" ಅನ್ನೋರ ಹತ್ತಿರ ಗಾಡಿ ಬಿಡಲೇಬೇಡಿ, ಕಾಯಿಸಿದ ಕಬ್ಬಿಣ ಬಲ ಕಳ್ಕೊಳ್ಳುತ್ತೆ.

ಅಲ್ಲೀವರೆಗೆ ಮುಂದಿನ ಅಲೈನ್‌ಮೆಂಟ್‌ಗೆ ಮತ್ತೆ ದುಡ್ಡು ಹಾಕಬೇಡಿ. ನನಗೆ ಹೊಸ ಬೀಮ್ ಬಿದ್ದ ದಿನ ಸ್ಟೀರಿಂಗ್ ಈ ಸಲ ಎಡಕ್ಕೆ ವಾಲಿತ್ತು. ಹಿಂದಿಂದು ಸರಿಹೋಗಿತ್ತು, ಮುಂದಿಂದು ಆ ಹಳೇ ಓರೆಯಲ್ಲೇ ಇತ್ತು. ಟೈ ರಾಡ್ ಕೆಲಸ ಮತ್ತೆ ಮೊದಲಿಂದ ಮಾಡಿಸಿದೆ.